ಬ್ರೇಕಿಗೆ ಯಾವ ಭಾಷೆ?

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಶಾಲೆಗೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಶಾಲೆಯ ಚರಿತ್ರೆಯನ್ನು ಹೇಳಬೇಕೆಂಬುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಪುಟದಲ್ಲಿ ಮಾಡಿದ್ದಾರೆ. ನಾವು ಇಂದು ಮಾತನಾಡಲು ಆರಿಸಿಕೊಂಡಿರುವ ವಿಷಯವನ್ನು ಕೇಳಿ ನಮ್ಮ ಗಣಿತದ ಮೇಷ್ಟರೇ ನಕ್ಕರು. ಕನ್ನಡ ಎಂ.ಎ. ಮಾಡಿದವರಿಗೆ ಕಾರಿನ ಬ್ರೇಕಿನ ಗೊಡವೆ ಏಕೆಂದು ಅವರ ನಗುವಿನ ಅರ್ಥ. ಆ ಗೊಡವೆ ಹೇಗೆ ಅಂಟಿಕೊಂಡಿತೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ.

ಕಳೆದ ಜೂನ್ ತಿಂಗಳ ದಾಖಲಾತಿಯ ದಿನಗಳಲ್ಲಿ ತಂದೆಯೊಬ್ಬರು ಮಗನ ಕೈ ಹಿಡಿದು ಕಚೇರಿಗೆ ಬಂದರು. ಅವರು ಓದಿದ್ದು ಇದೇ ಶಾಲೆಯಲ್ಲಿ. ಈಗ ಕಾರ್ಖಾನೆಯೊಂದರ ಜೋಡಣಾ ವಿಭಾಗದಲ್ಲಿ ಕೆಲಸ. ಅರ್ಜಿಯನ್ನು ಮೇಜಿನ ಮೇಲಿಟ್ಟು, ಸಹಿ ಮಾಡದೆ, ತುಂಬ ಸಂಕೋಚದಿಂದ ಕೇಳಿದರು: “ಮೇಡಂ, ಈಗಿನ ಗಾಡಿಗಳೆಲ್ಲ ಕಂಪ್ಯೂಟರಿನಿಂದಲೇ ಓಡುತ್ತವೆ. ಕನ್ನಡದಲ್ಲಿ ಓದಿದ ಹುಡುಗನ ಮಾತು ಆ ಕಂಪ್ಯೂಟರಿಗೆ ತಿಳಿಯುತ್ತದೆಯೇ?” ಆ ಪ್ರಶ್ನೆಗೆ ನಮ್ಮಲ್ಲಿ ಪ್ರಾಮಾಣಿಕವಾದ ಉತ್ತರವಿರಲಿಲ್ಲ. ಮಾತೃಭಾಷೆಯ ಹಿರಿಮೆಯನ್ನು ಕುರಿತು ಎರಡು ಒಳ್ಳೆಯ ಮಾತು ಹೇಳಿ ಕಳುಹಿಸಿಬಿಡಬಹುದಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ. ಎರಡು ದಿನ ಅವಕಾಶ ಕೇಳಿದೆವು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಗಡಿಯಾಚೆ ಬೆಂಗಳೂರಿನಲ್ಲಿ ವಾಹನಗಳ ಬ್ರೇಕಿನ ತಂತ್ರಾಂಶವನ್ನು ಬರೆಯುವ ತಂಡದಲ್ಲಿ ಹದಿನೈದು ವರ್ಷಗಳಿಂದ ದುಡಿಯುತ್ತಿದ್ದಾರೆ. ಅವರಿಗೆ ದೂರವಾಣಿ ಮಾಡಿ ಆ ತಂದೆಯ ಪ್ರಶ್ನೆಯನ್ನು ಹಾಗೆಯೇ ಒಪ್ಪಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಯಂತ್ರಕ್ಕೆ ಇಂಗ್ಲಿಷೂ ತಿಳಿಯುವುದಿಲ್ಲ. ಯಾವ ಭಾಷೆಯಲ್ಲಿ ಬರೆದರೆ ಅದು ನಮ್ಮನ್ನು ತಪ್ಪು ತಿಳಿಯುವುದಿಲ್ಲ ಎಂಬುದೇ ನಮ್ಮ ಕಚೇರಿಯಲ್ಲಿ ದಿನವೂ ನಡೆಯುವ ಜಗಳ” ಎಂದರು. ಆ ಭಾನುವಾರ ಅವರು ನಮ್ಮ ಮನೆಗೆ ಬಂದು ಮೂರು ಗಂಟೆ ಪಾಠ ಹೇಳಿದರು. ಆಮೇಲೆ ನಾವಾಗಿಯೂ ಒಂದಿಷ್ಟು ಓದಿಕೊಂಡೆವು. ಇಂದು ಹೇಳಹೊರಟಿರುವುದು ಆ ಪಾಠದ ಸಾರ. ತಪ್ಪಿದ್ದರೆ ಶಿಷ್ಯನದಲ್ಲ, ಗುರುವಿನದು.

ಹೊಸೂರಿನಲ್ಲಿ ವಾಸಿಸುವ ನಮಗೆ ಈ ವಿಷಯ ದೂರದ್ದೇನೂ ಅಲ್ಲ. ಸಿಪ್ಕಾಟ್ ಕೈಗಾರಿಕಾ ವಲಯದ ಪಾಳಿಯ ಬಸ್ಸುಗಳು ನಮ್ಮ ಶಾಲೆಯ ಮುಂದೆಯೇ ಹಾದುಹೋಗುತ್ತವೆ. ಟಿವಿಎಸ್‌ನ ದ್ವಿಚಕ್ರ ವಾಹನಗಳೂ ಅಶೋಕ್ ಲೇಲ್ಯಾಂಡ್‌ನ ಲಾರಿಗಳೂ ಈ ಮಣ್ಣಿನಲ್ಲಿಯೇ ತಯಾರಾಗುತ್ತವೆ. ನಮ್ಮ ತರಗತಿಗಳಲ್ಲಿ ಕುಳಿತ ಎಷ್ಟೋ ಮಕ್ಕಳ ತಂದೆಯರು ಆ ಸಾಲುಗಳಲ್ಲಿ ನಿಂತು ತಿರುಪು ಬಿಗಿದವರು. ಹಿಂದೆ ಮೋಟಾರು ಸೈಕಲ್ಲಿನ ಕಾರ್ಬ್ಯುರೇಟರನ್ನು ಬೀದಿ ಬದಿಯ ಮೆಕ್ಯಾನಿಕ್ ಬಿಚ್ಚಿ, ಊದಿ, ಮತ್ತೆ ಕೂರಿಸುತ್ತಿದ್ದರು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಆ ಸ್ಥಾನವನ್ನು ಬಹುಮಟ್ಟಿಗೆ ವಿದ್ಯುನ್ಮಾನ ಇಂಧನ ಸೇಚನ ಆಕ್ರಮಿಸಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲೇ, 125 ಸಿಸಿಗಿಂತ ದೊಡ್ಡ ದ್ವಿಚಕ್ರ ವಾಹನಗಳೆಲ್ಲಕ್ಕೂ ಎ.ಬಿ.ಎಸ್. ಬ್ರೇಕು ಕಡ್ಡಾಯವಾಗಿತ್ತು. ಚಕ್ರ ಬಿಗಿಹಿಡಿದು ಜಾರತೊಡಗಿತೆಂದು ಗ್ರಹಿಸಿ, ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಬಿಗಿಗೊಳಿಸುವ ಆ ಕೆಲಸವನ್ನು ಮಾಡುವುದು ಒಂದು ಪುಟ್ಟ ಗಣಕ. ಆ ಗಣಕಕ್ಕೆ ಆಜ್ಞೆ ಕೊಟ್ಟಿರುವುದು ಯಾರೋ ಬರೆದ ವಾಕ್ಯಗಳು. ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬರುವ ತಂದೆ ಬ್ರೇಕು ಒತ್ತಿದಾಗ, ಅವರ ಕೈಗೂ ಚಕ್ರಕ್ಕೂ ನಡುವೆ ಆ ವಾಕ್ಯಗಳಿರುತ್ತವೆ.

ಅವು ಯಾವ ಭಾಷೆಯ ವಾಕ್ಯಗಳು? ಬಹುಪಾಲು ‘ಸಿ’ ಎಂಬ ಭಾಷೆಯವು. 1970ರ ದಶಕದ ಆರಂಭದಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬವರು ರೂಪಿಸಿದ ಭಾಷೆ ಇದು. ಮಿತವಾದದ್ದು, ಚುರುಕಾದದ್ದು, ಯಂತ್ರಕ್ಕೆ ತೀರ ಹತ್ತಿರವಾದದ್ದು. ಅಗ್ಗದ ಪುಟ್ಟ ಚಿಪ್ಪಿನ ಮೇಲೂ ಓಡಬಲ್ಲದು. ಆದರೆ ಅದಕ್ಕೆ ಒಂದು ಗುಣವಿದೆ. ಅದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ ಎಂಬುದೇ ಚರ್ಚೆ. ಬರೆಯುವವನು ತಾನು ಮಾಡುತ್ತಿರುವುದನ್ನು ಬಲ್ಲನೆಂದು ಅದು ನಂಬಿಬಿಡುತ್ತದೆ. “ನಿಜವಾಗಿ ಹೀಗೆಯೇ ಮಾಡಬೇಕೇ?” ಎಂದು ಕೇಳುವ ಅಭ್ಯಾಸ ಅದಕ್ಕಿಲ್ಲ.

ಇದರ ಪರಿಣಾಮವನ್ನು ಅರಿಯಲು ನಾವು ಕಾರಿನವರೆಗೆ ಹೋಗಬೇಕಾಗಿರಲಿಲ್ಲ. ನಮ್ಮ ಶಾಲೆಯಲ್ಲಿಯೇ ನಡೆದ ಒಂದು ಘಟನೆಯನ್ನು ಇಷ್ಟು ವರ್ಷಗಳ ಮೇಲೆ ಈ ವೇದಿಕೆಯಿಂದ ಹೇಳಿಬಿಡುವುದು ಒಳಿತು. ಆಗ ನಾವು ಸಹಶಿಕ್ಷಕಿ. ಅಂಕಪಟ್ಟಿಯನ್ನು ಗಣಕದಲ್ಲಿ ತಯಾರಿಸುವ ಹೊಸ ವ್ಯವಸ್ಥೆ ಬಂದಿತ್ತು. ಹೊರಗಿನವರೊಬ್ಬರಿಂದ ಹಣ ಕೊಟ್ಟು ಬರೆಸಿದ್ದು. ಬರೆದವರು ಒಂದು ತರಗತಿಗೆ 50 ಸ್ಥಾನಗಳೆಂದು ಇಟ್ಟಿದ್ದರು. ಆ ವರ್ಷ ಎರಡು ವಿಭಾಗಗಳನ್ನು ಸೇರಿಸಿದ್ದರಿಂದ ಎಂಟನೆಯ ತರಗತಿಯಲ್ಲಿ 51 ಮಕ್ಕಳಿದ್ದರು. 51ನೆಯ ಹುಡುಗಿಯ ಅಂಕಗಳನ್ನು ನಾವೇ ತುಂಬಿದೆವು. ಸ್ಥಾನವಿಲ್ಲವೆಂದು ಗಣಕ ಹೇಳಲಿಲ್ಲ. ಮುಂದಿನ ಸ್ಥಾನದಲ್ಲಿ ಬರೆದುಕೊಂಡಿತು. ಆ ಮುಂದಿನ ಸ್ಥಾನ ಒಂಬತ್ತನೆಯ ತರಗತಿಯ ಮೊದಲನೆಯ ಹುಡುಗನದು. ಮಾರನೆಯ ದಿನ ಒಂಬತ್ತನೆಯ ತರಗತಿಯ ಅಂಕಗಳನ್ನು ತುಂಬಿದಾಗ ಅವನ ಅಂಕಗಳು ಅವಳ ಅಂಕಗಳ ಮೇಲೆ ಕುಳಿತವು. ಪಟ್ಟಿ ಅಚ್ಚಾಗಿ ಬಂದಾಗ ಗಣಿತದಲ್ಲಿ 78 ತೆಗೆದಿದ್ದ ಹುಡುಗಿಯ ಹೆಸರಿನ ಮುಂದೆ 31 ಎಂದಿತ್ತು.

ಅವಳು ಅಳುತ್ತ ಬಂದಳು. ನಾವು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ಕಂಪ್ಯೂಟರು ಸುಳ್ಳು ಹೇಳುವುದಿಲ್ಲಮ್ಮ.” ಗುಲಾಬಿ ತೋಟದಲ್ಲಿ ಕೂಲಿ ಮಾಡುತ್ತಿದ್ದ ಅವಳ ತಂದೆ ಹನ್ನೆರಡು ದಿನಗಳ ಮೇಲೆ ಬಂದು, ಉತ್ತರಪತ್ರಿಕೆಯ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿರೆಂದು ಕೈಮುಗಿದರು. ಬಿಚ್ಚಿದೆವು. ಆ ಹನ್ನೆರಡು ದಿನ ಆ ಮಗು ಮನೆಯಲ್ಲಿ ಹೇಗಿದ್ದಿತೆಂದು ನಾವು ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ.

ಈ ಘಟನೆಯನ್ನು ಹೇಳಿದಾಗ ನಮ್ಮ ಹಳೆಯ ವಿದ್ಯಾರ್ಥಿ ಥಟ್ಟನೆ ಅದರ ಹೆಸರು ಹೇಳಿದರು. ಸಾಲಿನ ಎಲ್ಲೆಯನ್ನು ಮೀರಿ ಬರೆಯುವುದು ‘ಸಿ’ ಭಾಷೆಯ ಅತ್ಯಂತ ಹಳೆಯ ರೋಗವಂತೆ. ಐವತ್ತು ಪುಟದ ಹಾಜರಿ ಪುಸ್ತಕದಲ್ಲಿ ಐವತ್ತೊಂದನೆಯ ಪುಟಕ್ಕೆ ಬರೆಯೆಂದರೆ ಗುಮಾಸ್ತರು ಪುಟವಿಲ್ಲ ಎನ್ನುತ್ತಾರೆ. ‘ಸಿ’ ಎನ್ನುವ ಗುಮಾಸ್ತ ಹಾಗೆನ್ನುವುದಿಲ್ಲ. ಕೆಳಗಿರುವ ಇನ್ನೊಂದು ಪುಸ್ತಕದ ಮೊದಲ ಪುಟದ ಮೇಲೆ ಬರೆದು ಸುಮ್ಮನಾಗುತ್ತಾನೆ. ಅಂಕಪಟ್ಟಿಯಲ್ಲಿ ಇದರಿಂದ ಒಂದು ಮಗು ಅಳುತ್ತದೆ. ಬ್ರೇಕಿನಲ್ಲಾದರೆ, ಚಕ್ರದ ವೇಗವನ್ನು ಬರೆದಿಟ್ಟ ಜಾಗದಲ್ಲಿ ರೇಡಿಯೋದ ಧ್ವನಿಮಟ್ಟ ಬಂದು ಕುಳಿತರೂ ಕುಳಿತೀತು.

ವ್ಯಾಕರಣದ ಮೇಷ್ಟರಾದ ನಮಗೆ ಇನ್ನೊಂದು ದೋಷ ಹೆಚ್ಚು ಸ್ವಾರಸ್ಯಕರವಾಗಿ ಕಂಡಿತು. ‘ಸಿ’ ಭಾಷೆಯಲ್ಲಿ ಎರಡು ಸಮಚಿಹ್ನೆಗಳನ್ನು ಒತ್ತೊತ್ತಾಗಿ ಬರೆದರೆ ಪ್ರಶ್ನೆ, ಒಂದನ್ನೇ ಬರೆದರೆ ಆಜ್ಞೆ. ಎರಡು ಬರೆದರೆ “ವೇಗ ಸೊನ್ನೆಯಾಗಿದೆಯೇ?” ಎಂದು ಅರ್ಥ. ಕೈತಪ್ಪಿ ಒಂದೇ ಬರೆದರೆ “ವೇಗ ಸೊನ್ನೆಯಾಗಲಿ” ಎಂದಾಗುತ್ತದೆ. ಪ್ರಶ್ನಾರ್ಥಕವು ವಿಧ್ಯರ್ಥಕವಾಗಲು ಒಂದು ಗೆರೆ ಸಾಕು. ಭಾಷೆಯ ನಿಯಮದಂತೆ ಎರಡೂ ಸಾಧುವಾದ ವಾಕ್ಯಗಳೇ. ಇನ್ನೊಂದು ಉದಾಹರಣೆಯನ್ನು ಕನ್ನಡದಲ್ಲಿಯೇ ಕೇಳಿ. “ಮಳೆ ಬಂದರೆ, ಗಾಳಿಯೂ ಇದ್ದರೆ, ಕಿಟಕಿ ಮುಚ್ಚು, ಇಲ್ಲದಿದ್ದರೆ ಬಾಗಿಲು ತೆರೆ.” ಇಲ್ಲಿ ‘ಇಲ್ಲದಿದ್ದರೆ’ ಎಂಬುದು ಮಳೆಗೆ ಸೇರಿತೋ ಗಾಳಿಗೆ ಸೇರಿತೋ? ಹೇಳಿದವರ ಮನಸ್ಸಿನಲ್ಲಿ ಒಂದಿರುತ್ತದೆ, ಕೇಳಿದವರು ಇನ್ನೊಂದನ್ನು ಗ್ರಹಿಸುತ್ತಾರೆ. ‘ಸಿ’ ಭಾಷೆ ಅದನ್ನು ಸದಾ ಹತ್ತಿರದ ಷರತ್ತಿಗೇ, ಅಂದರೆ ಗಾಳಿಗೇ ಸೇರಿಸುತ್ತದೆ. ಬರೆದವನು ಮಳೆಯನ್ನು ಕುರಿತು ಬರೆದಿದ್ದರೆ ಬಾಗಿಲು ತಪ್ಪು ಹೊತ್ತಿನಲ್ಲಿ ತೆರೆಯಿತೆಂದೇ ಅರ್ಥ.

ಇಂತಹ ಎಡವಟ್ಟುಗಳನ್ನು ಕಂಡು ಬೇಸತ್ತ ಇಂಗ್ಲೆಂಡಿನ ವಾಹನ ಉದ್ಯಮದವರು 1998ರಲ್ಲಿ ಒಂದು ಪುಸ್ತಿಕೆಯನ್ನು ಹೊರತಂದರು. ‘ಮಿಸ್ರಾ ಸಿ’ ಎಂದು ಅದರ ಹೆಸರು. ಹೊಸ ಭಾಷೆಯನ್ನೇನೂ ಅವರು ಕಟ್ಟಲಿಲ್ಲ. ಇರುವ ಭಾಷೆಯಲ್ಲಿ ಯಾವ ಪ್ರಯೋಗ ಸಲ್ಲದು ಎಂಬುದನ್ನು 127 ನಿಯಮಗಳಲ್ಲಿ ಹೇಳಿದರು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಾಧು ಪ್ರಯೋಗ, ಅಸಾಧು ಪ್ರಯೋಗಗಳನ್ನು ಬೇರ್ಪಡಿಸಿದುದನ್ನು ಪಾಠ ಮಾಡಿದ ನಮಗೆ ಈ ಕ್ರಮ ಅಪರಿಚಿತವೆನಿಸಲಿಲ್ಲ. ಷರತ್ತಿನ ಪ್ರತಿಯೊಂದು ಭಾಗವನ್ನೂ ಆವರಣ ಚಿಹ್ನೆಯೊಳಗೆ ಇಡತಕ್ಕದ್ದು, ‘ಇದಾದರೆ, ಅದಾದರೆ’ ಎಂಬ ಸರಣಿ ‘ಇವೆರಡೂ ಆಗದಿದ್ದರೆ’ ಎಂಬ ಕೊನೆಯ ಕವಲಿನಿಂದಲೇ ಮುಗಿಯತಕ್ಕದ್ದು ಎಂಬಂತಹ ನಿಯಮಗಳು ಅಲ್ಲಿವೆ. ಆ ಕೊನೆಯ ಕವಲು ಎಂದಿಗೂ ಬಳಕೆಗೆ ಬರಲಾರದು ಎಂದು ಬರೆದವನಿಗೆ ಖಚಿತವಿದ್ದರೂ ಬರೆಯಲೇಬೇಕು. ನಮ್ಮ ಹಳೆಯ ವಿದ್ಯಾರ್ಥಿ ಹೇಳಿದರು: “ಸಿ ಕಲಿಯಲು ಮೂರು ತಿಂಗಳು ಹಿಡಿಯಿತು ಮೇಡಂ. ಅದು ಕೊಡುವ ಸ್ವಾತಂತ್ರ್ಯವನ್ನು ಬಳಸದಿರುವುದನ್ನು ಹದಿನೈದು ವರ್ಷದಿಂದ ಕಲಿಯುತ್ತಲೇ ಇದ್ದೇನೆ.”

ಇಷ್ಟೆಲ್ಲ ಕಷ್ಟಪಡುವ ಬದಲು ಬೇರೆ ಭಾಷೆ ಇಲ್ಲವೇ ಎಂದು ನಾವು ಕೇಳಿದೆವು. ನಮ್ಮ ಮಕ್ಕಳು ಕಲಿಯುವ ಪೈಥಾನ್ ಇದೆ, ಜಾವಾ ಇದೆ. ಅವು ಎಲ್ಲೆ ಮೀರಿದರೆ ಕೂಡಲೇ ತಡೆಯುತ್ತವೆ. ನಿಜ. ಆದರೆ ಅವು ಕೆಲಸದ ನಡುವೆ ಬಳಸಿ ಬಿಟ್ಟ ಸ್ಮೃತಿಯ ಕಸವನ್ನು ಗುಡಿಸಲು ತಮಗೆ ತೋಚಿದ ಹೊತ್ತಿನಲ್ಲಿ ಒಂದು ಕ್ಷಣ ನಿಲ್ಲುವುದುಂಟು. ಅಂಗಡಿಯ ಲೆಕ್ಕಕ್ಕೆ ಅದು ಬಾಧಕವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ವಾಹನ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಸುಮಾರು 1.7 ಮೀಟರ್ ಮುಂದೆ ಹೋಗಿರುತ್ತದೆ. ರಸ್ತೆ ದಾಟುತ್ತಿರುವ ಮಗುವಿಗೂ ಬಂಪರಿಗೂ ನಡುವೆ ಇರುವ ಅಂತರ ಕೆಲವೊಮ್ಮೆ ಅಷ್ಟೇ. ಆದುದರಿಂದ ಬ್ರೇಕಿನ ಭಾಷೆ ಸರಿಯಾದುದನ್ನು ಹೇಳಿದರೆ ಸಾಲದು, ಸರಿಯಾದ ಹೊತ್ತಿಗೆ ಹೇಳಬೇಕು. ಇಲ್ಲಿಗೆ ಆ ಭಾಷೆಗಳು ಹಿಂದೆ ಸರಿಯುತ್ತವೆ.

ಇನ್ನೊಂದು ಭಾಷೆಯುಂಟು, ಹೆಸರು ‘ಏಡಾ’. 1970ರ ದಶಕದಲ್ಲಿ ಅಮೆರಿಕೆಯ ರಕ್ಷಣಾ ಇಲಾಖೆ ತನ್ನ ಕೆಲಸಗಳಲ್ಲಿ ಬಳಕೆಯಲ್ಲಿದ್ದ ಪ್ರೋಗ್ರಾಮಿಂಗ್ ಭಾಷೆಗಳನ್ನು ಎಣಿಸಿದಾಗ ಅವು 450ಕ್ಕೂ ಹೆಚ್ಚಿದ್ದವಂತೆ. ಇಷ್ಟೊಂದು ಭಾಷೆಗಳ ಬದಲು ಭದ್ರವಾದ ಒಂದು ಭಾಷೆ ಬೇಕೆಂದು ಸ್ಪರ್ಧೆ ಏರ್ಪಡಿಸಿ, ಝಾಂ ಇಶ್ಬಿಯಾ ಎಂಬವರ ತಂಡ ರೂಪಿಸಿದ ಭಾಷೆಯನ್ನು ಆರಿಸಿದರು. ಗಣಕದ ಮೊದಲ ಕ್ರಮವಿಧಿಕಾರ್ತಿ ಎಂದು ಹೆಸರಾದ ಏಡಾ ಲವ್‌ಲೇಸ್ ಅವರ ಹೆಸರಿಟ್ಟು, ಮಾನಕದ ಸಂಖ್ಯೆಯಲ್ಲಿ ಅವರ ಜನ್ಮವರ್ಷವಾದ 1815ನ್ನು ಸೇರಿಸಿದರು. ಹೆಣ್ಣುಮಕ್ಕಳು ಹೆಚ್ಚಿರುವ ನಮ್ಮ ಶಾಲೆಯಲ್ಲಿ ಈ ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಈ ಭಾಷೆ ಬಿಗಿಯಾದದ್ದು. ಕಿಲೋಮೀಟರನ್ನು ಒಂದು ಜಾತಿ, ಮೈಲಿಯನ್ನು ಇನ್ನೊಂದು ಜಾತಿಯೆಂದು ಮೊದಲೇ ಘೋಷಿಸಿಬಿಟ್ಟರೆ ಎರಡನ್ನೂ ಕೂಡಿಸಲು ಅದು ಒಪ್ಪುವುದಿಲ್ಲ. ಬೋಯಿಂಗ್ 777 ವಿಮಾನದ ತಂತ್ರಾಂಶದ ಬಹುಭಾಗ ಈ ಭಾಷೆಯಲ್ಲಿದೆ. ಕಾರಿನವರು ಮಾತ್ರ ಇದನ್ನು ಹೆಚ್ಚಾಗಿ ಅಪ್ಪಿಕೊಳ್ಳಲಿಲ್ಲ. ಬಲ್ಲವರು ಕಡಿಮೆ, ಉಪಕರಣಗಳು ದುಬಾರಿ, ಅಗ್ಗದ ಚಿಪ್ಪುಗಳಿಗೆ ತಕ್ಕ ಅನುವಾದಕಗಳು ವಿರಳ. ವಿಮಾನಕ್ಕೆ ಸಲ್ಲುವ ಖರ್ಚು ಕಾರಿಗೆ ಸಲ್ಲಲಿಲ್ಲ.

ಹಾಗಾದರೆ ಏಡಾದಲ್ಲಿ ಬರೆದಿದ್ದರೆ ಎಲ್ಲವೂ ಸುರಕ್ಷಿತವೇ? ಇಲ್ಲಿ ನಮ್ಮ ಹಳೆಯ ವಿದ್ಯಾರ್ಥಿ ಒಂದು ಕಥೆ ಹೇಳಿದರು. ಕಥೆಯಲ್ಲ, ವಿಚಾರಣಾ ಮಂಡಳಿಯ ವರದಿಯಲ್ಲಿ ದಾಖಲಾಗಿರುವ ಸಂಗತಿ. 1996ರ ಜೂನ್ 4ರಂದು ದಕ್ಷಿಣ ಅಮೆರಿಕೆಯ ಫ್ರೆಂಚ್ ಗಯಾನಾದಿಂದ ಯುರೋಪಿನ ಅರಿಯಾನ್ 5 ರಾಕೆಟ್ಟು ಮೊದಲ ಬಾರಿಗೆ ಮೇಲೇರಿತು. ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ ಚೂರುಚೂರಾಯಿತು. ಅದರ ದಿಕ್ಕನ್ನು ಅಳೆಯುವ ತಂತ್ರಾಂಶ ಏಡಾದಲ್ಲಿಯೇ ಇತ್ತು. ಹಿಂದಿನ ಅರಿಯಾನ್ 4ರಲ್ಲಿ ವರ್ಷಗಟ್ಟಲೆ ನಿರ್ದೋಷವಾಗಿ ನಡೆದದ್ದನ್ನು ಹಾಗೆಯೇ ಎತ್ತಿ ಇಲ್ಲಿಟ್ಟಿದ್ದರು. ಅದರೊಳಗೆ, 64 ಬಿಟ್ಟಿನ ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್ಟಿನ ಸಣ್ಣ ಪಾತ್ರೆಗೆ ಸುರಿಯುವ ಒಂದು ಹೆಜ್ಜೆಯಿತ್ತು. ಆ ಸಣ್ಣ ಪಾತ್ರೆಯಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಹಳೆಯ ರಾಕೆಟ್ಟಿನ ವೇಗಕ್ಕೆ ಅದು ಎಂದೂ ತುಂಬಿ ಚೆಲ್ಲಿರಲಿಲ್ಲ; ಹೊಸದರ ವೇಗಕ್ಕೆ ಚೆಲ್ಲಿತು.

ಭಾಷೆ ತನ್ನ ಕೆಲಸ ಮಾಡಿತು, ಚೆಲ್ಲಿತೆಂದು ಕೂಗಿತು. ಆ ಕೂಗಿಗೆ ಏನು ಮಾಡಬೇಕೆಂದು ಆ ಜಾಗದಲ್ಲಿ ಯಾರೂ ಬರೆದಿರಲಿಲ್ಲ. ಗಣಕದ ಶಕ್ತಿಯನ್ನು ಉಳಿಸಲೆಂದು ಇಂತಹ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಯೋಚಿಸಿಯೇ ಬಿಟ್ಟಿದ್ದರು. ದೋಷ ಕಂಡರೆ ಗಣಕ ತನ್ನನ್ನು ತಾನು ನಿಲ್ಲಿಸಿಕೊಳ್ಳತಕ್ಕದ್ದು ಎಂಬುದು ಸಾಮಾನ್ಯ ಆದೇಶ, ಅದು ನಿಂತಿತು. ಬದಲಿ ಗಣಕವೊಂದಿತ್ತು. ಅದರಲ್ಲಿಯೂ ಅದೇ ವಾಕ್ಯಗಳಿದ್ದುದರಿಂದ ಅದು ಒಂದು ಚಣ ಮೊದಲೇ ನಿಂತುಹೋಗಿತ್ತು. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ ಆ ಲೆಕ್ಕಾಚಾರ ನೆಲ ಬಿಟ್ಟ ಮೇಲೆ ಅರಿಯಾನ್ 5ಕ್ಕೆ ಬೇಕಾಗಿಯೇ ಇರಲಿಲ್ಲ. ಹಳೆಯ ರಾಕೆಟ್ಟಿನ ಅಭ್ಯಾಸದಂತೆ ಸುಮ್ಮನೆ ನಡೆಯುತ್ತಿತ್ತು. ಒಬ್ಬ ಶಿಕ್ಷಕರು ಹಿಂದಿನ ವರ್ಷದ ಪಾಠ ಟಿಪ್ಪಣಿಯನ್ನು ಈ ವರ್ಷದ ಮಕ್ಕಳ ಮುಂದೆ ಓದುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಹೋದ್ಯೋಗಿಗಳು ಕ್ಷಮಿಸಬೇಕು, ನಾವೂ ಮಾಡಿದ್ದೇವೆ.

ಕಾರಿನ ವಿಷಯಕ್ಕೆ ಬಂದರೆ, ಅಮೆರಿಕೆಯಲ್ಲಿ ಟೊಯೋಟಾ ಕಾರುಗಳು ತಾವಾಗಿಯೇ ವೇಗ ಪಡೆಯುತ್ತವೆಂಬ ದೂರುಗಳು ಎದ್ದದ್ದು ಹಲವರಿಗೆ ನೆನಪಿರಬಹುದು. ಕಾಲಡಿಯ ಚಾಪೆ, ಅಂಟಿಕೊಳ್ಳುವ ಪೆಡಲು ಎಂಬ ಕಾರಣಗಳಿಂದ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ನಾಸಾ ಸಂಸ್ಥೆಯ ತಜ್ಞರು ಪರೀಕ್ಷಿಸಿ, 2011ರಲ್ಲಿ, ಅಂತಹ ವೇಗಕ್ಕೆ ಕಾರಣವಾಗಬಲ್ಲ ವಿದ್ಯುನ್ಮಾನ ದೋಷ ತಮಗೆ ಕಾಣಲಿಲ್ಲವೆಂದರು. 2013ರಲ್ಲಿ ಓಕ್ಲಹೋಮಾದ ನ್ಯಾಯಾಲಯದಲ್ಲಿ ಒಂದು ಪ್ರಾಣಹಾನಿಯ ಮೊಕದ್ದಮೆ ನಡೆದಾಗ, ಮೈಕೆಲ್ ಬಾರ್ ಎಂಬ ತಜ್ಞರು ತಿಂಗಳುಗಟ್ಟಲೆ ಆ ತಂತ್ರಾಂಶವನ್ನು ಓದಿ ಸಾಕ್ಷ್ಯ ನುಡಿದರು. ಎಲ್ಲ ಭಾಗಗಳೂ ಮುಟ್ಟಿ ತಿದ್ದಬಹುದಾದ 10,000ಕ್ಕೂ ಹೆಚ್ಚು ಸಾರ್ವಜನಿಕ ಚರಾಂಶಗಳು ಅದರಲ್ಲಿದ್ದವೆಂದೂ, ಸ್ಮೃತಿ ತುಂಬಿ ಚೆಲ್ಲುವ ಸಾಧ್ಯತೆಯಿತ್ತೆಂದೂ ಅವರ ಮಾತು. ಶಾಲೆಯ ಮೊಗಸಾಲೆಯಲ್ಲಿ ಹತ್ತು ಸಾವಿರ ಕಪ್ಪುಹಲಗೆಗಳನ್ನಿಟ್ಟು, ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಅಳಿಸಿ ಬರೆಯಬಹುದು ಎಂದರೆ ಹೇಗೋ ಹಾಗೆ. ತೀರ್ಪುಗಾರರ ಮಂಡಳಿ ಕಂಪನಿಯ ವಿರುದ್ಧ ತೀರ್ಮಾನಿಸಿತು. ಆ ದಿನ ಆ ಕಾರಿನಲ್ಲಿ ನಡೆದದ್ದು ಇದೇ ಎಂಬುದು ಇಂದಿಗೂ ವಾದಕ್ಕೆ ಎಡೆಯಿರುವ ವಿಷಯ. ನಮಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಓದಲಾಗದಂತೆ ಬರೆದದ್ದನ್ನು ತಪ್ಪಿಲ್ಲವೆಂದು ಸಾಧಿಸುವುದೂ ಕಷ್ಟ, ತಪ್ಪಿದೆಯೆಂದು ಸಾಧಿಸುವುದೂ ಕಷ್ಟ. ಹೋದ ಜೀವದ ಮನೆಯವರು ಆರು ವರ್ಷ ಕಾಯಬೇಕಾಯಿತು.

2011ರಲ್ಲಿಯೇ ರಸ್ತೆ ವಾಹನಗಳಿಗೆಂದು ‘ಐ.ಎಸ್.ಒ. 26262’ ಎಂಬ ಅಂತರರಾಷ್ಟ್ರೀಯ ಮಾನಕ ಬಂದಿತು, 2018ರಲ್ಲಿ ಪರಿಷ್ಕೃತವಾಯಿತು. ವಾಹನದ ಪ್ರತಿಯೊಂದು ಕಾರ್ಯವನ್ನೂ ಅದು ತಪ್ಪಿದರೆ ಆಗುವ ಹಾನಿ ಎಷ್ಟು, ಅಂತಹ ಸನ್ನಿವೇಶ ಎಷ್ಟು ಸಲ ಬಂದೀತು, ಚಾಲಕ ಸಂಭಾಳಿಸಬಲ್ಲನೇ ಎಂಬ ಮೂರು ಪ್ರಶ್ನೆಗಳಿಂದ ತೂಗಿ ಎ, ಬಿ, ಸಿ, ಡಿ ಎಂಬ ದರ್ಜೆ ಕೊಡುತ್ತದೆ. ನಮ್ಮ ಶಾಲೆಯ ದರ್ಜೆಗೆ ತಿರುಗುಮುರುಗಾಗಿ ಇಲ್ಲಿ ಡಿ ಎಂದರೆ ಅತಿ ಕಠಿಣ. ಬ್ರೇಕು, ಸ್ಟೀರಿಂಗುಗಳು ಸಾಮಾನ್ಯವಾಗಿ ಅಲ್ಲಿಗೆ ಸೇರುತ್ತವೆ. ಈ ಮಾನಕ ಇಂತಹದೇ ಭಾಷೆಯಲ್ಲಿ ಬರೆಯಿರೆಂದು ವಿಧಿಸುವುದಿಲ್ಲ. ಆರಿಸಿದ ಭಾಷೆಗೆ ಅನೇಕಾರ್ಥವಿಲ್ಲದ ವ್ಯಾಕರಣವಿರಲಿ, ಇಲ್ಲದಿದ್ದರೆ ಅದರ ಅಪಾಯಕಾರಿ ಭಾಗಗಳನ್ನು ಬಿಟ್ಟು ಒಂದು ಉಪಭಾಷೆಯನ್ನು ಗೊತ್ತುಮಾಡಿಕೊಳ್ಳಿ, ಅನುವಾದಿಸುವ ಉಪಕರಣವೂ ನಂಬಿಕೆಗೆ ಯೋಗ್ಯವೆಂದು ತೋರಿಸಿಕೊಡಿ ಎನ್ನುತ್ತದೆ.

ಈಗ ಚರ್ಚೆಯಲ್ಲಿರುವ ಹೊಸ ಭಾಷೆ ‘ರಸ್ಟ್’. ಇದನ್ನು 2006ರಲ್ಲಿ ಗ್ರೇಡನ್ ಹೋರ್ ಎಂಬ ಯುವಕರು ಬಿಡುವಿನ ಕೆಲಸವಾಗಿ ಆರಂಭಿಸಿದರು. ಅವರಿದ್ದ ಕಟ್ಟಡದ ಲಿಫ್ಟಿನ ತಂತ್ರಾಂಶ ಕೈಕೊಟ್ಟು, 21ನೆಯ ಮಹಡಿಗೆ ಮೆಟ್ಟಿಲು ಹತ್ತಬೇಕಾಗಿ ಬಂದ ಸಿಟ್ಟಿನಲ್ಲಿ ಶುರುವಾದದ್ದಂತೆ! ಮುಂದೆ ಮೊಝಿಲ್ಲಾ ಸಂಸ್ಥೆ ಅದನ್ನು ಸಾಕಿತು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದಿತು. ಇದರ ಮೂಲನಿಯಮವನ್ನು ನಾವು ಹಾಜರಿ ಪುಸ್ತಕದಿಂದಲೇ ಅರ್ಥಮಾಡಿಕೊಂಡೆವು. ಒಂದು ಪುಸ್ತಕಕ್ಕೆ ಒಬ್ಬರೇ ಒಡೆಯರು. ಓದಲು ಎಷ್ಟು ಮಂದಿಗೆ ಬೇಕಾದರೂ ಕೊಡಬಹುದು. ಬರೆಯಲಾದರೆ ಒಬ್ಬರಿಗೆ ಮಾತ್ರ, ಅವರ ಕೈಯಲ್ಲಿರುವಾಗ ಬೇರೆ ಯಾರೂ ಓದುವಂತೆಯೂ ಇಲ್ಲ. ಕೊಟ್ಟದ್ದು ಒಡೆಯರ ಕಾಲ ಮುಗಿಯುವ ಮೊದಲೇ ಹಿಂದಿರುಗಿ ಬರಬೇಕು. ಈ ನಿಯಮ ತಪ್ಪಿದ ವಾಕ್ಯವನ್ನು ಕಂಪೈಲರು ಯಂತ್ರಕ್ಕೆ ಒಯ್ಯುವುದೇ ಇಲ್ಲ. ಕಸ ಗುಡಿಸಲು ನಡುವೆ ನಿಲ್ಲುವ ಅಗತ್ಯವೂ ಬೀಳುವುದಿಲ್ಲ. ಐವತ್ತೊಂದನೆಯ ಪುಟಕ್ಕೆ ಬರೆಯಹೊರಟರೆ ಮಾತ್ರ ಅದು ಬರೆಯದೆ ಅಲ್ಲಿಯೇ ನಿಲ್ಲುತ್ತದೆ. ಬ್ರೇಕಿನ ನಡುವೆ ಹಾಗೆ ನಿಲ್ಲುವುದೂ ಆಪತ್ತೇ ಆದುದರಿಂದ, ನಿಂತಾಗ ಏನು ಮಾಡಬೇಕೆಂಬುದನ್ನು ಅಲ್ಲಿಯೂ ಮನುಷ್ಯರೇ ಬರೆಯಬೇಕು. ತನ್ನ ತಂತ್ರಾಂಶಗಳಲ್ಲಿ ಪತ್ತೆಯಾಗುವ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಸ್ಮೃತಿಯ ದುರ್ಬಳಕೆಯಿಂದಲೇ ಬಂದವೆಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ರಸ್ಟ್ ತಡೆಯುವುದು ಬಹುಮಟ್ಟಿಗೆ ಆ ಜಾತಿಯ ದೋಷಗಳನ್ನೇ. 2023ರಲ್ಲಿ ಈ ಭಾಷೆಯ ‘ಫೆರೋಸಿನ್’ ಎಂಬ ಕಂಪೈಲರು ಐ.ಎಸ್.ಒ. 26262ರ ಡಿ ದರ್ಜೆಯ ಕೆಲಸಕ್ಕೂ ಅರ್ಹವೆಂದು ಮಾನ್ಯತೆ ಪಡೆಯಿತು. ವೋಲ್ವೋ ಸಂಸ್ಥೆ ತನ್ನ ಇಎಕ್ಸ್90 ಕಾರಿನ ಒಂದು ನಿಯಂತ್ರಣ ಘಟಕಕ್ಕೆ ಈ ಭಾಷೆಯನ್ನು ಬಳಸಿದೆ.

“ಹಾಗಾದರೆ ನೀವೇಕೆ ನಾಳೆಯೇ ಬದಲಾಯಿಸುವುದಿಲ್ಲ?” ಎಂದು ಕೇಳಿದೆವು. ಅವರು ನಮ್ಮನ್ನೇ ಮರುಪ್ರಶ್ನಿಸಿದರು: “ನಾಳೆ ಶಾಲೆಯ ಮಾಧ್ಯಮ ಬದಲಾಯಿಸಿ ಎಂದರೆ ನೀವು ಬದಲಾಯಿಸುತ್ತೀರಾ ಮೇಡಂ?” ಅವರ ತಂಡದ ಬಳಿ ಇಪ್ಪತ್ತು ವರ್ಷ ರಸ್ತೆಯಲ್ಲಿ ಪಳಗಿದ ‘ಸಿ’ ವಾಕ್ಯಗಳಿವೆ. ಅವುಗಳಲ್ಲಿನ ಪ್ರತಿಯೊಂದು ವಿಚಿತ್ರ ಸಾಲಿನ ಹಿಂದೆಯೂ ಯಾವುದೋ ಮಳೆಗಾಲದಲ್ಲಿ ಜಾರಿದ ಪರೀಕ್ಷಾ ವಾಹನವಿದೆ. ಹೊಸ ಭಾಷೆಯಲ್ಲಿ ಮೊದಲಿನಿಂದ ಬರೆದರೆ ಸ್ಮೃತಿಯ ದೋಷ ಹೋಗಬಹುದು. ಆದರೆ ಆ ಮಳೆಗಾಲದ ಅರಿವೂ ಕಳೆದುಹೋದೀತು. ಬಿಡಿಭಾಗ ಒದಗಿಸುವವರು ಕೊಡುವ ತಂತ್ರಾಂಶ ‘ಸಿ’ಯಲ್ಲಿಯೇ ಬರುತ್ತದೆ. ಕೆಲವು ಚಿಪ್ಪುಗಳಿಗೆ ಹೊಸ ಭಾಷೆಯ ಉಪಕರಣ ಇನ್ನೂ ಸಿದ್ಧವಿಲ್ಲ. ಇಂದು ಬರೆದ ವಾಕ್ಯವನ್ನು ಹದಿನೈದು ವರ್ಷಗಳ ಮೇಲೆ ಓದಿ ತಿದ್ದಬಲ್ಲವರು ಯಾವ ಭಾಷೆಯಲ್ಲಿ ಸಿಗುತ್ತಾರೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಆದುದರಿಂದ ಅವರ ತಂಡದವರು ಮಧ್ಯಮಾರ್ಗ ಹಿಡಿದಿದ್ದಾರೆ: ಹಳೆಯದು ‘ಸಿ’ಯಲ್ಲಿ ನಿಯಮಬದ್ಧವಾಗಿ ಇರಲಿ, ಹೊಸದಾಗಿ ಬರೆಯುವ ಭಾಗಗಳನ್ನು ಒಂದೊಂದಾಗಿ ರಸ್ಟಿನಲ್ಲಿ ಬರೆಯೋಣ, ಎರಡೂ ಸೇರುವ ಗಡಿಯಲ್ಲಿ ಕಾವಲು ಬಲವಾಗಿರಲಿ. ಗಡಿಯಲ್ಲಿ ಬಾಳುವವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಅವರ ಮಾತನ್ನು ನಾವು ಪೂರ್ತಿ ಒಪ್ಪಿದೆವೆಂದು ಹೇಳಲಾರೆವು. ರೂಢಿಯಲ್ಲಿದೆ ಎಂಬ ಕಾರಣಕ್ಕೆ ದೋಷವನ್ನು ಸಹಿಸುವುದು ಎಲ್ಲ ಸಂಸ್ಥೆಗಳಿಗೂ ಸುಲಭವಾದ ದಾರಿ. 51ನೆಯ ಹುಡುಗಿಯ ಅಂಕಗಳನ್ನು ತಾನಾಗಿಯೇ ತಡೆಯುವ ಭಾಷೆಯೊಂದಿರುವಾಗ, ಬರೆಯುವವನ ಎಚ್ಚರವೊಂದನ್ನೇ ನಂಬಿ ಕೂರುವುದು ನಮಗೆ ಸರಿಕಾಣುವುದಿಲ್ಲ. ಎಚ್ಚರವಿದ್ದವರೇ ಆ ದಿನ ಅಂಕಗಳನ್ನು ತುಂಬಿದ್ದು. ಅವರು ಕೇಳಿ ನಕ್ಕರು. “ಮುಂದಿನ ಸಭೆಗೆ ನೀವೇ ಬನ್ನಿ” ಎಂದರು.

ಇನ್ನು ಆ ತಂದೆಯ ಪ್ರಶ್ನೆ. ಎರಡು ದಿನ ಕೇಳಿದ್ದ ನಾವು ಒಂದು ವಾರದ ಮೇಲೆ ಅವರನ್ನು ಕರೆಸಿದೆವು. ‘ಸಿ’ ಭಾಷೆಯ ಮೊದಲ ಪ್ರಮಾಣೀಕೃತ ರೂಪದಲ್ಲಿ ಮೀಸಲಾದ ಪದಗಳು 32. ಅವುಗಳ ಅರ್ಥ ತಿಳಿಯಲು ಒಂದು ಮಧ್ಯಾಹ್ನ ಸಾಕು ಎಂದು ತೋರಿಸಿದೆವು. ಆ ಪದಗಳ ಹಿಂದಿನ ಷರತ್ತು, ಕ್ರಮ, ಎಲ್ಲೆ, ಒಡೆತನ ಎಂಬ ವಿಚಾರಗಳನ್ನು ಮಗು ತಿಳಿದ ಭಾಷೆಯಲ್ಲಿ ಕಲಿತರೆ ಗಟ್ಟಿಯಾಗಿ ಕಲಿಯುತ್ತದೆ ಎಂದೆವು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಮಾನಕಗಳು, ಕೈಪಿಡಿಗಳು, ಸಭೆಗಳು ಎಲ್ಲವೂ ಇಂಗ್ಲಿಷಿನಲ್ಲಿವೆ. ಇಂಗ್ಲಿಷನ್ನು ನಾವು ಇಂದು ಕಲಿಸುತ್ತಿರುವುದಕ್ಕಿಂತ ಚೆನ್ನಾಗಿ ಕಲಿಸದಿದ್ದರೆ ನಿಮ್ಮ ಮಗನಿಗೆ ಅನ್ಯಾಯವಾಗುತ್ತದೆ. ತಮಿಳನ್ನೂ ಅವನು ಕಲಿಯಲೇಬೇಕು, ಹೊರೆ ಹೆಚ್ಚು ಎಂದು ಇದ್ದುದನ್ನು ಇದ್ದಂತೆ ಹೇಳಿದೆವು. ಅವರು ಅರ್ಜಿಯನ್ನು ಮತ್ತೆ ಮನೆಗೆ ಒಯ್ದರು. ಮಾರನೆಯ ದಿನ ಹೆಂಡತಿಯ ಸಹಿಯನ್ನೂ ಮಾಡಿಸಿ ತಂದುಕೊಟ್ಟರು. ಹುಡುಗ ಈಗ ಆರನೆಯ ತರಗತಿಯಲ್ಲಿದ್ದಾನೆ, ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಹೆಸರು ಹೇಳಿದರೆ ನಾಚುತ್ತಾನೆ.

ಕೊನೆಯದಾಗಿ ಒಂದು ಪ್ರಕಟಣೆ. ನಮ್ಮ ಹಳೆಯ ವಿದ್ಯಾರ್ಥಿ ಮುಂದಿನ ತಿಂಗಳಿನಿಂದ ಪ್ರತಿ ಎರಡನೆಯ ಶನಿವಾರ ಮಧ್ಯಾಹ್ನ 2 ಗಂಟೆಗೆ ಬಂದು 8 ಮತ್ತು 9ನೆಯ ತರಗತಿಯ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠ ಮಾಡಲು ಒಪ್ಪಿದ್ದಾರೆ. ಗಣಕಗಳು ಆರೇ ಇವೆ. ಅವುಗಳಲ್ಲಿ ಎರಡಕ್ಕೆ ಕೀಲಿಮಣೆ ಇಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಒದಗಿಸಬಲ್ಲವರಿದ್ದರೆ ಸಭೆ ಮುಗಿದ ಮೇಲೆ ಕಚೇರಿಗೆ ಬಂದು ಹೇಳಬೇಕಾಗಿ ವಿನಂತಿ. ಮೊದಲ ದಿನದ ಅಭ್ಯಾಸವನ್ನು ಅವರು ಈಗಾಗಲೇ ಗೊತ್ತುಮಾಡಿದ್ದಾರೆ. ಐವತ್ತು ಸ್ಥಾನಗಳ ಒಂದು ಅಂಕಪಟ್ಟಿ, ಐವತ್ತೊಂದು ಮಕ್ಕಳು.